ಎರಡು ಹಳಗನ್ನಡ, ಒಂದು ನಡುಗನ್ನಡ

"ಮೇಡಂ, ಒಂದು ಬಾರಿಗೆ ಮೆನು ಕಾರ್ಡ್ ಆಗ್ಬೇಕಿತ್ತು" ಎಂದರು ಅಜ್ಜಂಪುರದ ಹೈಸ್ಕೂಲು ಮೇಷ್ಟ್ರು.

ಒಂದು ಮದುವೆ ಪತ್ರಿಕೆಯಲ್ಲಿ ವರನ ತಾತನ ಹೆಸರಿಗೆ ಒತ್ತಕ್ಷರ ಕೂರಿಸುತ್ತಿದ್ದ ನಾನು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಒಂದು ಬಾರಿಗೆ ಅಂದ್ರೆ ಪ್ರಿಂಟ್ ಯಾಕೆ ಸರ್, ಜೆರಾಕ್ಸೇ ಸಾಕು" ಎಂದೆ.

ಮೇಷ್ಟ್ರು ಸ್ಟೂಲಿನ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹೇಳಿದ್ದು ಒಂದು ಸಲದ ಬಾರಿ ಅಲ್ಲ, ಕುಡಿಯುವ ಬಾರು. "ನೋಡಿದ್ರಾ? ಈ ಕೆಲ್ಸಕ್ಕೆ ನೀವೇ ಸರಿ. ಕೇಳೋಕೆ ಮುಂಚೇನೇ ಶ್ಲೇಷೆ ಬಂತು" ಎಂದರು. ಒಂದೇ ಮಾತಿನಲ್ಲಿ ಎರಡು ಅರ್ಥ ಹೊರಡಿಸುವ ಶ್ಲೇಷೆಯ ಲಕ್ಷಣವನ್ನು ಎಂ.ಎ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆದರೆ ಅದನ್ನು ಕೆಲಸಕ್ಕೆ ಹಚ್ಚಿದ್ದು ಎಂದೂ ಇಲ್ಲ.

ಕಡೂರಿನ ಬಸ್ ಸ್ಟ್ಯಾಂಡಿನ ಪಕ್ಕದ ರಸ್ತೆಯಲ್ಲಿ ನಮ್ಮ ಮುದ್ರಣದ ಅಂಗಡಿ. ನಾನು ಟೈಪ್ ಮಾಡಿ ಪುಟ ಕಟ್ಟುತ್ತೇನೆ, ನಮ್ಮ ಯಜಮಾನರು ಯಂತ್ರ ನೋಡಿಕೊಳ್ಳುತ್ತಾರೆ. ಲಗ್ನಪತ್ರಿಕೆ, ಶ್ರದ್ಧಾಂಜಲಿ ಫ್ಲೆಕ್ಸು, ಕೊಬ್ಬರಿ ಮಂಡಿಯ ಬಿಲ್ ಬುಕ್ಕು, ಕಾಲೇಜಿನ ಕರಪತ್ರ. ಬೇರೆಯವರ ಮಾತನ್ನು ಅಂದವಾಗಿ ಕೂರಿಸುವುದು ನನ್ನ ಕಸುಬು. ನನ್ನದೇ ಒಂದು ಸಾಲು ಬರೆದು ಯಾರಿಗಾದರೂ ಓದಿ ಹೇಳಿ ಬಹಳ ವರ್ಷಗಳಾಗಿದ್ದವು.

ಮೇಷ್ಟ್ರು ವಿಷಯ ಬಿಡಿಸಿ ಹೇಳಿದರು. ಅವರು ಒಂದು ಹಾಸ್ಯ ನಾಟಕ ಬರೆದಿದ್ದರು. ಪುಸ್ತಕ ಮಾರಾಟವಾಗದ ಒಬ್ಬ ಪ್ರಕಾಶಕ ತನ್ನ ಅಂಗಡಿ ಮುಚ್ಚಿ, ಕೆಮ್ಮಣ್ಣುಗುಂಡಿಗೆ ಹೋಗುವ ಪ್ರವಾಸಿಗಳನ್ನು ನಂಬಿಕೊಂಡು, ಆ ರಸ್ತೆಯ ಬದಿಯಲ್ಲಿ ಬ್ರೂವರಿ ತೆರೆಯುತ್ತಾನೆ. ಅಲ್ಲೇ ಹುದುಗಿಸಿ, ಅಲ್ಲೇ ಬಸಿದು ಕೊಡುವ ಬಿಯರಿನ ಮನೆ. ಆದರೆ ಸಾಹಿತ್ಯದ ಚಟ ಬಿಟ್ಟಿಲ್ಲ, ಹಾಗಾಗಿ ಪ್ರತಿಯೊಂದು ಪಾನೀಯಕ್ಕೂ ತಿಂಡಿಗೂ ಸಾಹಿತ್ಯದ ಹೆಸರಿಟ್ಟಿದ್ದಾನೆ. ಕಣ್ಣು ಮಂಜಾದ ಒಬ್ಬ ಹಳೆಯ ವಿಮರ್ಶಕ ಇದಿನ್ನೂ ಪುಸ್ತಕದಂಗಡಿ ಎಂದುಕೊಂಡೇ ಒಳಗೆ ಬಂದು ಕೂರುತ್ತಾನೆ. ಮಾಣಿ ಮೆನು ಓದುತ್ತಾನೆ, ವಿಮರ್ಶಕ ಅದನ್ನು ಪುಸ್ತಕದ ಪರಿವಿಡಿ ಎಂದು ತಿಳಿದು ಉತ್ತರ ಕೊಡುತ್ತಾನೆ. ನಾಟಕದ ನಡುಮಧ್ಯದ ದೃಶ್ಯ ಅದು. ಅಲ್ಲಿ ಜನ ನಗದಿದ್ದರೆ ಮುಂದೆ ಎಲ್ಲೂ ನಗುವುದಿಲ್ಲ.

"ಆ ಜಾಗ ಖಾಲಿ ಬಿಟ್ಟಿದೀನಿ. ನನ್ನ ಕೈಲಿ ಆಗ್ಲಿಲ್ಲ" ಎಂದರು ಮೇಷ್ಟ್ರು. ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಗಿತ್ತು. ಹೊರಡುವುದರೊಳಗೆ ನಾಟಕ ಆಡಿಸಬೇಕೆಂಬ ಹಟ. ಅವರು ಹೋದರೆ ತಂಡವನ್ನು ಹಿಡಿದು ಕೂರಿಸುವವರು ಬೇರೆ ಯಾರೂ ಇರಲಿಲ್ಲ.

ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ನೆನಪಾಯಿತು, ನಾನು ಬ್ರೂವರಿ ಇರಲಿ, ಸಾಮಾನ್ಯ ಬಾರಿನ ಬಾಗಿಲನ್ನೂ ತುಳಿದವಳಲ್ಲ.

ಫೋನಿನಲ್ಲಿ ಬಿಯರ್ ಮಾಡುವ ವಿಡಿಯೋ ನೋಡಿದೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಒಡೆದು, ಕುದಿಸಿ, ಆರಿದ ಮೇಲೆ ಹುದುಗು ಹಾಕಿ ಮುಚ್ಚಿಡುತ್ತಾರೆ. ಮೊಳಕೆಯ ತನಕ ಅದು ನಾವು ರಾಗಿ ಮಾಲ್ಟಿಗೆ ಮಾಡುವ ಕೆಲಸವೇ. ಹುದುಗು ಬರುವುದು ದೋಸೆ ಹಿಟ್ಟಿನಲ್ಲಿ ದಿನಾ ನೋಡುವಂಥದ್ದು. ಇಷ್ಟು ಗೊತ್ತಾದ ಮೇಲೆ ಧೈರ್ಯ ಬಂತು. ಬೆಂಗಳೂರಿನ ಬ್ರೂವರಿಗಳ ಮೆನುಗಳನ್ನೂ ತೆರೆದು ನೋಡಿದೆ. ಎಲ್ಲವೂ ಇಂಗ್ಲಿಷಿನ ಚಮತ್ಕಾರ. ಒಂದನ್ನು ಕನ್ನಡಕ್ಕೆ ತಂದು ನೋಡಿದೆ, ಬಂದದ್ದು ಮಾತು ಮಾತ್ರ, ನಗು ಅಲ್ಲೇ ಉಳಿಯಿತು.

ಹಾಗಾಗಿ ಕಪಾಟಿನಿಂದ ಎಂ.ಎ. ಪುಸ್ತಕಗಳನ್ನು ಇಳಿಸಿದೆ. ಕಾವ್ಯಮೀಮಾಂಸೆಯಲ್ಲಿ ಪಾಕಗಳ ಮಾತು ಬರುತ್ತದೆ: ದ್ರಾಕ್ಷಿಯ ಹಾಗೆ ಬಾಯಿಗಿಟ್ಟರೆ ಕರಗುವ ದ್ರಾಕ್ಷಾಪಾಕ, ತೆಂಗಿನಕಾಯಿಯ ಹಾಗೆ ಒಡೆದ ಮೇಲೆ ರುಚಿ ಕೊಡುವ ನಾರಿಕೇಳಪಾಕ. ತೆಂಗಿನ ಊರಿನವಳಿಗೆ ಇದಕ್ಕಿಂತ ಇನ್ನೇನು ಬೇಕು ಎಂದುಕೊಂಡೆ. ನಿಘಂಟು ತಿರುವುತ್ತಿದ್ದಾಗ ಇನ್ನೊಂದು ಸಿಕ್ಕಿತು. ಕಾದಂಬರಿ ಎಂಬ ಮಾತಿಗೆ ಮದ್ಯ ಎಂಬ ಅರ್ಥವೂ ಇದೆ! ನಾವು ಓದುವ ಕಾದಂಬರಿಯ ಹೆಸರಿನಲ್ಲೇ ಹೆಂಡ ಕುಳಿತಿದೆ. ಕುರ್ಚಿಯಿಂದ ಎದ್ದು ಯಜಮಾನರಿಗೆ ಹೇಳಲು ಒಳಗೆ ಓಡಿದೆ. ಅವರು ಯಂತ್ರದ ಸದ್ದಿನಲ್ಲಿ "ಏನು, ಕಾದಂಬರಿ ಪ್ರಿಂಟಿಗೆ ಬಂದಿದ್ಯಾ? ಎಷ್ಟು ಪುಟ?" ಎಂದರು.

ಎರಡು ಪುಟದ ಮೆನು ಸಿದ್ಧವಾಯಿತು. ಒಂದು ಸಂಜೆ ಬಸ್ಸು ಹತ್ತಿ ಅಜ್ಜಂಪುರಕ್ಕೆ ಹೋದೆ. ಶಾಲೆಯ ಒಂದು ಕೊಠಡಿಯಲ್ಲಿ ತಾಲೀಮು. ಮಾಣಿಯ ಪಾತ್ರ ಕಡೂರು–ತರೀಕೆರೆ ಬಸ್ಸಿನ ಕಂಡಕ್ಟರದು. ಎಂಥ ಗದ್ದಲದಲ್ಲೂ ಕೊನೆಯ ಸೀಟಿಗೆ ಕೇಳಿಸುವ ಗಂಟಲು. ವಿಮರ್ಶಕನ ಪಾತ್ರ ಅಜ್ಜಂಪುರದಲ್ಲೇ ಮೆಡಿಕಲ್ ಶಾಪ್ ಇಟ್ಟಿರುವವರದು. ತೆಳ್ಳಗೆ, ಗಂಭೀರ, ನಿಧಾನ. ಕಂಡಕ್ಟರ್ ನನ್ನ ಮೆನುವನ್ನು ಮೊದಲಿಂದ ಕೊನೆಯವರೆಗೆ ಓದಿದರು. ದ್ರಾಕ್ಷಾಪಾಕ ಹೋಯಿತು, ನಾರಿಕೇಳಪಾಕ ಹೋಯಿತು, ಕಾದಂಬರಿ ಹೋಯಿತು. ಮೇಷ್ಟ್ರು ಒಬ್ಬರೇ ಎರಡು ಕಡೆ ಮುಗುಳ್ನಕ್ಕರು. ಉಳಿದವರು ನನ್ನ ಮುಖ ನೋಡಿದರು.

ಕಂಡಕ್ಟರ್ ಹಾಳೆ ಮಡಿಸಿ, "ಬೇಜಾರ್ ಮಾಡ್ಕೋಬೇಡಿ ಮೇಡಂ. ಇದು ಚೆನ್ನಾಗೇ ಇರ್ಬೇಕು. ಆದ್ರೆ ನಗೋಕೆ ಮುಂಚೆ ಓದ್ಕೊಂಡ್ ಬರ್ಬೇಕು" ಎಂದರು.

"ಕಾದಂಬರಿ ಅಂದ್ರೆ ಹೆಂಡ ಅಂತ ನಿಘಂಟಲ್ಲೇ ಇದೆ" ಎಂದೆ. ದನಿ ಸ್ವಲ್ಪ ಏರಿತ್ತು.

"ಹೂಂ ಮೇಡಂ. ಜನ ನಿಘಂಟು ತಗೊಂಡ್ ನಾಟಕಕ್ಕೆ ಬರಲ್ವಲ್ಲ."

ಮೆಡಿಕಲ್ ಶಾಪಿನವರು ಇನ್ನೊಂದು ಮಾತು ಕೇಳಿದರು. "ಚಂಪೂ ಅಂತ ಬರ್ದಿದೀರಲ್ಲ, ಅದು ಗದ್ಯ ಪದ್ಯ ಬೆರೆಸಿದ್ದು ಅಂತ ನಂಗೆ ಗೊತ್ತು. ಜನ ತಲೆಗೆ ಹಾಕ್ಕೊಳೋ ಶಾಂಪೂ ಅಂದ್ಕೊಂಡ್ರೆ?"

ಎಲ್ಲರೂ ನಕ್ಕರು. ಆ ಸಂಜೆ ಬಂದ ಮೊದಲ ನಗು ಅದು, ಬಂದದ್ದು ನನ್ನ ಮಾತಿಗಲ್ಲ. ನನಗೂ ನಗು ಬಂತು. ನಕ್ಕ ಮೇಲೆ ಹೊಳೆಯಿತು, ಅಂದ್ಕೊಳ್ಳಲಿ ಬಿಡಿ! ಪೆನ್ನು ತೆಗೆದು ಅಲ್ಲೇ ಬರೆದೆ. ವಿಮರ್ಶಕ: "ಚಂಪೂ ಇದ್ಯೇನಪ್ಪಾ?" ಮಾಣಿ: "ಇದೆ ಸರ್. ಎರಡೂ ಬೆರ್ಸಿ ಕೊಡ್ತೀವಿ. ನೇರ ತಲೆಗೇ." ಕಂಡಕ್ಟರ್ ಓದಿದರು. ಈ ಸಲ ಗೋಡೆಗೊರಗಿ ನಿಂತಿದ್ದವರೂ ನಕ್ಕರು. ಒಂದೇ ಮಾತಿನಲ್ಲಿ ಕಾವ್ಯ, ಶಾಂಪೂ, ಕುಡಿತ ಮೂರೂ ಇತ್ತು. ಮೂರರಲ್ಲಿ ಯಾವುದು ಗೊತ್ತಿದ್ದರೂ ಸಾಕಿತ್ತು.

ಅಲ್ಲಿಂದ ಕೆಲಸದ ದಾರಿ ಬದಲಾಯಿತು. ನನಗೆ ತುಂಬ ಇಷ್ಟವಾಗಿದ್ದ ಕಾದಂಬರಿಯನ್ನೇ ಮೊದಲು ಹೊಡೆದುಹಾಕಿದೆ. ಏಳನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನ ತನಕ ಕನ್ನಡ ಪಾಠದಲ್ಲಿ ಬರುವ ಪದಗಳನ್ನು ಮಾತ್ರ ಇಟ್ಟುಕೊಂಡೆ. ಸಂಧಿ, ಸಮಾಸ, ಅಲಂಕಾರ, ಛಂದಸ್ಸು. ಎಲ್ಲರೂ ಒಂದಲ್ಲ ಒಂದು ದಿನ ಇವಕ್ಕಾಗಿ ಏಟು ತಿಂದವರೇ, ಹಾಗಾಗಿ ಮರೆತಿರುವುದಿಲ್ಲ. ಒಂದೊಂದು ಪದವನ್ನೂ ಜೋರಾಗಿ ಹೇಳಿ ಕಿವಿಗೆ ಹೇಗೆ ಬೀಳುತ್ತದೆ ನೋಡುತ್ತಿದ್ದೆ. ಹಾಳೆಯ ಮೇಲೆ ಚೆಂದ ಕಾಣುವುದು ಬೇರೆ. ಎರಡನೇ ಅರ್ಥ ವಾಕ್ಯದ ಕೊನೆಯಲ್ಲಿ ಬಿದ್ದರೆ ಮಾತ್ರ ನಗು ಬರುತ್ತದೆ, ನಡುವೆ ಬಿದ್ದರೆ ಉಳಿದ ಪದಗಳು ಅದರ ಮೇಲೆ ಮಣ್ಣು ಮುಚ್ಚುತ್ತವೆ. ಇದನ್ನು ಕಂಡುಕೊಳ್ಳಲು ನನಗೆ ಹಲವು ದಿನ ಹಿಡಿಯಿತು.

ಪರೀಕ್ಷೆಗೆ ಕಂಡಕ್ಟರ್ ಒಂದು ಉಪಾಯ ಮಾಡಿದರು. ನಾನು ಬರೆದು ಕಳಿಸಿದ್ದನ್ನು ಬಸ್ಸಿನಲ್ಲಿ ಟಿಕೆಟ್ ಕೊಡುತ್ತಾ ಜನರ ಮೇಲೆ ಪ್ರಯೋಗಿಸಿ, ಕಡೂರಿಗೆ ವಾಪಸು ಬಂದಾಗ ಅಂಗಡಿ ಮುಂದೆ ನಿಂತು ಫಲಿತಾಂಶ ಹೇಳುತ್ತಿದ್ದರು. "ಮುದ್ರಣದೋಸೆ ಪಾಸು ಮೇಡಂ! ಬೀರೂರು ಸ್ಟಾಪಲ್ಲಿ ಹತ್ತಿದ ಮೇಷ್ಟ್ರೊಬ್ರು ಇಳಿಯೋ ತನಕ ನಗ್ತಿದ್ರು." ಮುದ್ರಣದೋಷ ನನ್ನ ಕಸುಬಿನ ದಿನನಿತ್ಯದ ಶತ್ರು, ಅದರಿಂದಲೇ ದೋಸೆ ಹುಯ್ದಿದ್ದೆ. "ಬೀಜಾಕ್ಷರ ಅಂದ್ರೆ ಮಸಾಲೆ ಕಡಲೇಬೀಜ ಅಂತ ಹೇಳಿದ್ದೂ ಪಾಸು. ಉತ್ಸಾಹ ರಗಳೆ ಸೂಪರ್." ಉತ್ಸಾಹ ರಗಳೆ ಎನ್ನುವುದು ಒಂದು ಹಳೆಯ ಛಂದಸ್ಸು. ಮಾಣಿ ಹೇಳುವುದು ಇಷ್ಟೇ: "ಮೊದ್ಲು ಉತ್ಸಾಹ ಸರ್. ರಗಳೆ ಆಮೇಲೆ."

ಕೆಲವು ಬಿದ್ದುಹೋದವು. ಕೆಮ್ಮಣ್ಣುಗುಂಡಿಯಿಂದ ಹೊರಡಿಸಿದ 'ಕೆಮ್ಮಣ್ಣ' ಎಂಬ ಮೆಣಸಿನ ಸಾರಿಗೆ ಬಸ್ಸಿಗೆ ಬಸ್ಸೇ ನಕ್ಕಿತಂತೆ. ಆದರೆ ಅದರಲ್ಲಿ ಸಾಹಿತ್ಯ ಎಲ್ಲಿದೆ ಎಂದು ಮೇಷ್ಟ್ರು ಹೊಡೆದುಹಾಕಿದರು. ನನಗೆ ಎರಡು ದಿನ ಸಿಟ್ಟಿತ್ತು.

ದೃಶ್ಯಕ್ಕೆ ಒಂದು ಗಟ್ಟಿ ಬುಡ ಬೇಕಿತ್ತು, ಅದು ಸಿಕ್ಕಿರಲಿಲ್ಲ. ಸಿಕ್ಕಿದ್ದು ಬೇರೆ ಕೆಲಸದ ನಡುವೆ. ಒಂದು ಕಾಲೇಜಿನ ಕನ್ನಡ ವಿಭಾಗದ ಕರಪತ್ರ ಕಟ್ಟುತ್ತಿದ್ದೆ. ಕಾಲಂ ಕಿರಿದು. ಸಾಫ್ಟ್‌ವೇರು ನಡುಗನ್ನಡ ಎಂಬ ಪದವನ್ನು ಒಡೆದು, ಸಾಲಿನ ಕೊನೆಯಲ್ಲಿ 'ನಡುಗ' ಉಳಿಸಿ, 'ನ್ನಡ'ವನ್ನು ಕೆಳಗಿನ ಸಾಲಿಗೆ ತಳ್ಳಿತು. ತಿದ್ದಲು ಕರ್ಸರ್ ಇಟ್ಟವಳು ಹಾಗೇ ಕುಳಿತೆ. ನಡುಗು. ನಡುಗುವ ಕನ್ನಡ! ಹಳಗನ್ನಡ, ನಡುಗನ್ನಡ, ಹೊಸಗನ್ನಡ. ಹಳೆಯದು, ನಡುಗಿಸುವುದು, ಹೊಸದಾಗಿ ಇಳಿಸಿದ್ದು. ಕನ್ನಡ ಸಾಹಿತ್ಯ ಚರಿತ್ರೆಯೇ ಮೂರು ಲೋಟಗಳಾಗಿ ಮೇಜಿನ ಮೇಲೆ ಕುಳಿತ ಹಾಗಾಯಿತು. ಕರಪತ್ರ ಪಕ್ಕಕ್ಕಿಟ್ಟು ಸಂಭಾಷಣೆ ಬರೆದೆ.

"ಹಳಗನ್ನಡ ಈಗ ಯಾರಿಗಪ್ಪಾ ಇಳಿಯುತ್ತೆ?" ಎನ್ನುತ್ತಾನೆ ವಿಮರ್ಶಕ.

"ಮೊದ್ಲು ಗಂಟಲಲ್ಲಿ ಸ್ವಲ್ಪ ಹಿಡಿಯುತ್ತೆ ಸರ್. ಆಮೇಲೆ ತಾನೇ ಇಳಿಯುತ್ತೆ."

"ನಡುಗನ್ನಡ?"

"ಅದು ಕೂತಾಗ ಗೊತ್ತಾಗಲ್ಲ ಸರ್. ಎದ್ದಾಗ."

ಫೋನಿನಲ್ಲಿ ಓದಿ ಹೇಳಿದೆ. ಆ ಕಡೆಯಿಂದ ಮೇಷ್ಟ್ರು, "ಇನ್ನೊಂದ್ ಸಲ ಓದಿ" ಎಂದರು.

ಇಷ್ಟು ಆಗುವ ಹೊತ್ತಿಗೆ ತರೀಕೆರೆಯಿಂದ ಸುದ್ದಿ ಬಂತು. ನಾಟಕಕ್ಕೆ ಗೊತ್ತು ಮಾಡಿದ್ದ ಸಭಾಂಗಣ ಅಲ್ಲಿನ ಒಂದು ಸಮುದಾಯದ ಟ್ರಸ್ಟಿನದು. ಮಠದ ಭಕ್ತರು ಕಟ್ಟಿಸಿದ್ದು. ನಾಟಕದಲ್ಲಿ ಹೆಂಡದಂಗಡಿ ಇದೆಯಂತೆ ಎಂದು ಯಾರೋ ಅಧ್ಯಕ್ಷರ ಕಿವಿಗೆ ಹಾಕಿದ್ದರು. "ನಮ್ಮ ವೇದಿಕೆ ಮೇಲೆ ಕುಡಿತದ ಹೆಸರೂ ಬರಕೂಡದು" ಎಂದು ಅವರು ಹೇಳಿ ಕಳಿಸಿದರು. ಅಷ್ಟು ಕಡಿಮೆ ದಿನದಲ್ಲಿ ಬೇರೆ ಜಾಗ ಸಿಗುವಂತಿರಲಿಲ್ಲ. ಮೇಷ್ಟ್ರು ಹೊರಡುವ ದಿನ ಹತ್ತಿರವಾಗಿತ್ತು.

ಅಜ್ಜಂಪುರದ ಕೊಠಡಿಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕುಳಿತರು. ಮೇಷ್ಟ್ರೇ ಮೊದಲು ಸೋತರು. "ಬಿಡಿ, ಜ್ಯೂಸ್ ಸೆಂಟರ್ ಮಾಡೋಣ. ಬ್ರೂವರಿ ಅಂತಿದ್ದ ಕಡೆ ಎಲ್ಲ ಜ್ಯೂಸ್ ಅಂತ ಹಾಕ್ಬಿಟ್ರೆ ಆಯ್ತು."

"ಕಬ್ಬಿನ ಹಾಲು ಕುಡ್ದು ಯಾರ್ ಸರ್ ನಡುಗ್ತಾರೆ?" ಎಂದರು ಕಂಡಕ್ಟರ್.

ನಾನು ಹಸ್ತಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ತಿರುವುತ್ತಿದ್ದೆ. ಮೇಷ್ಟ್ರ ಸಂಭಾಷಣೆಗಳಲ್ಲಿ ಬಿಯರು, ಬಾಟ್ಲಿ, ಪೆಗ್ಗು ಎಲ್ಲ ಇದ್ದವು. ನನ್ನ ಮೆನುವಿನಲ್ಲೂ ಅಲ್ಲಲ್ಲಿ ಇದ್ದವು. ಆ ಪದಗಳ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಹೋದೆ. ಸುಮ್ಮನೆ, ತೆಗೆದರೆ ಏನು ಉಳಿಯುತ್ತದೆ ಎಂದು ನೋಡಲು. ದೃಶ್ಯ ಬೀಳಲಿಲ್ಲ. ಬಿಗಿಯಾಯಿತು.

"ಸರ್, ಬ್ರೂವರಿನ ಬದಲಾಯಿಸೋದು ಬೇಡ. ಅದರ ಹೆಸರು ಹೇಳೋದು ಬಿಟ್ಬಿಡೋಣ" ಎಂದೆ. "ವಿಮರ್ಶಕಂಗೆ ತಾನೆಲ್ಲಿದೀನಿ ಅಂತ ಗೊತ್ತಿಲ್ಲ ತಾನೇ? ನಾವ್ಯಾಕೆ ಜನಕ್ಕೆ ಮೊದ್ಲೇ ಹೇಳ್ಬೇಕು? ಅವರೇ ಕಂಡುಹಿಡೀಲಿ. ಒಂದೂ ಕೆಟ್ಟ ಮಾತು ಇರಬಾರ್ದು. ಎಲ್ಲ ಪಠ್ಯಪುಸ್ತಕದ ಮಾತೇ."

"ಅರ್ಥ ಆಗ್ದಿದ್ರೆ?" ಎಂದರು ಮೇಷ್ಟ್ರು.

"ಅರ್ಥ ಆಗೋ ಹಂಗೆ ಬರೀತೀನಿ" ಎಂದುಬಿಟ್ಟೆ. ಅಷ್ಟು ಖಚಿತವಾಗಿ ನಾನು ಮಾತಾಡಿದ್ದು ನನಗೇ ಆಶ್ಚರ್ಯ.

ಅಲ್ಲಿಂದ ಒಂದು ವಾರ ನನಗೆ ಸುಖದ ಕಾಲ. ಹಗಲು ಗಿರಾಕಿಗಳು, ನಡುವೆ ಬಿಡುವಾದಾಗ ಮೆನು. ಬಿಯರ್ ಎನ್ನುವಂತಿಲ್ಲ, ಸರಿ. ಪೀಪಾಯಿಯಿಂದ ನೇರ ಬಸಿಯುವ ಬಿಯರಿಗೆ ಡ್ರಾಫ್ಟ್ ಎನ್ನುತ್ತಾರೆ, ಡ್ರಾಫ್ಟ್ ಎಂದರೆ ಕನ್ನಡದಲ್ಲಿ ಕರಡು, ಹಾಗಾಗಿ 'ಕರಡು ಪ್ರತಿ, ನೊರೆ ಸಮೇತ' ಬಂತು. ಸಣ್ಣ ಲೋಟ ಹನಿಗವನವಾಯಿತು, ಉದ್ದದ ಲೋಟ ನೀಳ್ಗವನ. ಸೀಸೆ ಕಾಣಬಾರದೆಂದು ಎಲ್ಲವನ್ನೂ ಹಿತ್ತಾಳೆ ಲೋಟದಲ್ಲಿ ಕೊಡುವುದೆಂದಾಯಿತು. ಅಂಗಡಿಯ ಹೆಸರನ್ನೂ ತೆಗೆದೆ. ಮೇಷ್ಟ್ರು ಇಟ್ಟಿದ್ದ ಹೆಸರಿನ ಜಾಗದಲ್ಲಿ ಒಂದೇ ಪದ ಬರೆದೆ: 'ಮತ್ತು'.

ಮೆನುವಿನ ಪುಟವನ್ನು ನಿಜವಾದ ಪರಿವಿಡಿಯ ಹಾಗೇ ಕಟ್ಟಿದೆ. ಎಡಕ್ಕೆ ಹೆಸರು, ನಡುವೆ ಚುಕ್ಕಿಗಳ ಸಾಲು, ಬಲಕ್ಕೆ ಅಂಕಿ. ಮಾಣಿಗೆ ಅದು ಬೆಲೆ, ವಿಮರ್ಶಕನಿಗೆ ಪುಟಸಂಖ್ಯೆ. "ಹಳಗನ್ನಡ ಮುನ್ನೂರೈವತ್ತರಲ್ಲಾ?" ಎಂದು ವಿಮರ್ಶಕ ಕೇಳಿದರೆ, "ತೆರಿಗೆ ಸೇರಿದ್ರೆ ಇನ್ನೂ ಮುಂದಕ್ಕೆ ಹೋಗುತ್ತೆ ಸರ್" ಎನ್ನುತ್ತಾನೆ ಮಾಣಿ. ಬೇರೆಯವರ ಪುಸ್ತಕಗಳಿಗೆ ಎಷ್ಟೋ ಪರಿವಿಡಿ ಕಟ್ಟಿದ್ದೇನೆ. ಚುಕ್ಕಿಗಳನ್ನು ಅಷ್ಟು ಪ್ರೀತಿಯಿಂದ ಜೋಡಿಸಿದ್ದು ಅದೇ ಮೊದಲು.

ಮುದ್ರಿಸಿದ ಪ್ರತಿ ಹಿಡಿದು ಮೇಷ್ಟ್ರೂ ನಾನೂ ತರೀಕೆರೆಗೆ ಹೋದೆವು. ಅಧ್ಯಕ್ಷರು ತಮ್ಮ ಅಡಿಕೆ ಮಂಡಿಯಲ್ಲಿದ್ದರು. ಹಣೆ ತುಂಬ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ. ಮೇಷ್ಟ್ರು ಮಾತಾಡಲು ಬಾಯಿ ತೆರೆದರೆ ಅವರು ಕೈಯೆತ್ತಿ ತಡೆದು, ಮೆನುವನ್ನು ಬೆರಳಿಟ್ಟು ಓದತೊಡಗಿದರು.

"ಅಂಗಡಿ ಹೆಸ್ರೇನು ಇದು, ಮತ್ತು? ಮತ್ತು ಏನು?"

"ಅಷ್ಟೇ ಸರ್. ಗದ್ಯ ಮತ್ತು ಪದ್ಯ ಅಂತೀವಲ್ಲ, ಆ ಮತ್ತು" ಎಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಬೆರಳು ಕೆಳಗಿಳಿಯಿತು.

"ಕುಡಿನೋಟ. ಕುಡಿ ಅಂತ ಇದೆಯಲ್ಲಮ್ಮಾ."

"ಕಣ್ಣಂಚಿನ ನೋಟ ಸರ್. ಹಳೇ ಪದ."

"ಹೂಂ. ಖಂಡಕಾವ್ಯ? ಪ್ಲೇಟಿಗೆ ಆರು ಅಂತ ಬರ್ದಿದೀರಿ. ಯಾವುದರ ಖಂಡ?"

ಇದನ್ನು ನಾನು ಯೋಚಿಸಿರಲಿಲ್ಲ. ಮೇಷ್ಟ್ರು ನೆಲ ನೋಡಿದರು. "ಹಲಸಿನಕಾಯಿದು ಸರ್" ಎಂದೆ.

"ಹಂಗಾದ್ರೆ ಇರ್ಲಿ." ಮತ್ತೆ ಓದಿದರು. ಕರಡು ಪ್ರತಿಯನ್ನು ದಾಟಿದರು, ರಗಳೆಯನ್ನು ದಾಟಿದರು. ನಡುಗನ್ನಡದ ಹತ್ತಿರ ಬೆರಳು ನಿಂತಿತು. ವಿಭೂತಿಯ ಕೆಳಗೆ ಹುಬ್ಬು ಒಂದಿಷ್ಟು ಅಲ್ಲಾಡಿದಂತೆ ಕಂಡಿತು. ಕೊನೆಗೆ ಹಾಳೆಯನ್ನು ಮೇಜಿನ ಮೇಲಿಟ್ಟು, ಅಡಿಕೆ ಚೂರೊಂದನ್ನು ಬಾಯಿಗೆ ಹಾಕಿಕೊಂಡರು.

"ನಂಗೆಲ್ಲಾ ಗೊತ್ತಾಯ್ತು ಕಣಮ್ಮಾ" ಎಂದರು. "ಆದ್ರೆ ಇದ್ರಾಗೆ ಒಂದೂ ತಪ್ಪು ಮಾತಿಲ್ಲ. ಗೊತ್ತಾಗದೇ ಇರೋರಿಗೆ ತೊಂದ್ರೆ ಇಲ್ಲ. ಗೊತ್ತಾಗೋರು ಮೊದ್ಲೇ ಕೆಟ್ಟಿರ್ತಾರೆ, ಅವ್ರನ್ನ ನಾವೇನು ಕೆಡ್ಸೋದು?"

ಮೇಷ್ಟ್ರು ಕೈ ಮುಗಿದರು. ಎದ್ದು ಹೊರಟಿದ್ದೆವು. ಅಧ್ಯಕ್ಷರು ಹಿಂದಿನಿಂದ ಕರೆದರು.

"ಮೇಷ್ಟ್ರೇ, ಆ ಅಂಗಡಿ ಯಜಮಾನಂಗೆ ಏನಂತ ಕರೀತೀರಿ?"

"ಯಜಮಾನ್ರು ಅಂತಲೇ ಸರ್."

"ನಮ್ಮಪ್ಪನ ಕಾಲದಾಗೆ ತಾಲ್ಲೂಕಿಗೆ ಅಮಲ್ದಾರ್ರು ಅಂತ ಇರ್ತಿದ್ರು. ದೊಡ್ಡ ಅಧಿಕಾರಿ. ಅಮಲ್ದಾರ್ರು ಅನ್ನಿ" ಎಂದು ಹೇಳಿ, ನಗದೆ, ತೂಕದ ಯಂತ್ರದ ಕಡೆ ತಿರುಗಿದರು.

ರಸ್ತೆಗೆ ಬರುವ ತನಕ ತಡೆದುಕೊಂಡಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಕಂಬ ಹಿಡಿದುಕೊಂಡು ನಕ್ಕರು. ಅಮಲಿನ ಒಡೆಯನಿಗೆ ಅದಕ್ಕಿಂತ ಸರಿಯಾದ ಹೆಸರು ನಮ್ಮಿಬ್ಬರ ಓದಿಗೂ ಹೊಳೆದಿರಲಿಲ್ಲ.

ನಾಟಕ ಭಾನುವಾರ ಮಧ್ಯಾಹ್ನ. ನಾನು ವೇದಿಕೆಯ ಬದಿಯ ಪರದೆಯ ಹಿಂದೆ ನಿಂತಿದ್ದೆ. ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಮನೆಯವರ ಜೊತೆ ಕುಳಿತಿದ್ದರು. ಮೊದಲ ದೃಶ್ಯದಲ್ಲಿ ಜನ ಸುಮ್ಮನಿದ್ದರು. 'ಮತ್ತು' ಎಂಬ ಬೋರ್ಡು ಇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ನಕ್ಕರು. ಒಬ್ಬರೇ. ಅವರ ಪಕ್ಕದವರು ಏನೆಂದು ಕೇಳಿರಬೇಕು, ಇನ್ನಿಬ್ಬರು ನಕ್ಕರು. ಆ ನಗು ಸಾಲಿನಿಂದ ಸಾಲಿಗೆ ಮುಂದೆ ಬರುವುದು ನನಗೆ ಕೇಳಿಸುತ್ತಿತ್ತು.

ವಿಮರ್ಶಕ ಬಂದು ಕುಳಿತ. ಹೆಗಲಿಗೆ ಟವೆಲು ಹಾಕಿಕೊಂಡು ಮಾಣಿ ಬಂದ. ಮುದ್ರಣದೋಸೆಗೆ ನಗು, ಚಂಪೂಗೆ ದೊಡ್ಡ ನಗು. "ನಡುಗನ್ನಡ?" ಎಂದರು ಮೆಡಿಕಲ್ ಶಾಪಿನವರು. ಕಂಡಕ್ಟರ್ ಉತ್ತರಿಸಲಿಲ್ಲ. ನಾವು ಹಾಗೆ ತಾಲೀಮು ಮಾಡಿರಲಿಲ್ಲ. ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟು, ಗಿರಾಕಿಯ ಕಾಲನ್ನು ಒಮ್ಮೆ ಬಗ್ಗಿ ನೋಡಿ, ಆಮೇಲೆ ಹೇಳಿದರು: "ಅದು ಕೂತಾಗ ಗೊತ್ತಾಗಲ್ಲ ಸರ್. ಎದ್ದಾಗ." ಸಭಾಂಗಣದ ಸೀಟುಗಳು ಕಿರ್ರೆಂದವು. ನಗು ಇಳಿಯುವ ತನಕ ಇಬ್ಬರೂ ಕಲ್ಲಿನ ಹಾಗೆ ಕಾದರು. ಪುಟಸಂಖ್ಯೆಯ ಮಾತು ಬಂದಾಗ ಕಂಡಕ್ಟರಿಗೆ ಕಸುಬಿನ ಮಾತೇ ಬಾಯಿಗೆ ಬಂದು "ಚಿಲ್ರೆ ಇಟ್ಕೊಳಿ ಸರ್" ಎಂದುಬಿಟ್ಟರು. ಬಸ್ಸಿನಲ್ಲಿ ಅವರನ್ನು ಕಂಡವರೇ ಅರ್ಧ ಜನ, ಶಿಳ್ಳೆ ಬಿತ್ತು. "ಅಮಲ್ದಾರ್ರು ಬಂದ್ರು" ಎಂದಾಗ ಮೊದಲು ಚಪ್ಪಾಳೆ ತಟ್ಟಿದ್ದು ಅಧ್ಯಕ್ಷರ ಹೆಂಡತಿ. ಅಧ್ಯಕ್ಷರು ಮಾತ್ರ ಗಂಭೀರವಾಗಿದ್ದರು.

ಎಲ್ಲವೂ ಗೆಲ್ಲಲಿಲ್ಲ. ಕೊನೆಯ ವಾರ ಮೇಷ್ಟ್ರು ಕೇಳಿದರೆಂದು ಸಂಧಿಗಳ ಮೇಲೆ ಒಂದು ಮಾತು ಬರೆದಿದ್ದೆ. ದೃಶ್ಯ ಮುಗಿಯುವಾಗ ಮಾಣಿ ದಾರಿ ತೋರಿಸುತ್ತಾನೆ: "ಒಳಗೆ ಬರೋದು ಆಗಮಸಂಧಿ, ಆರ್ಡರ್ ಕೊಡೋದು ಆದೇಶಸಂಧಿ, ದುಡ್ ಕೊಡ್ದೆ ಹೋಗೋದು ಲೋಪಸಂಧಿ ಸರ್." ನಾಲ್ಕಾರು ಮೇಷ್ಟ್ರುಗಳು ನಕ್ಕರು. ಉಳಿದ ಸಭೆ ಸುಮ್ಮನಿತ್ತು. ಕಂಡಕ್ಟರ್ ಅದನ್ನು ಗಾಳಿಗೆ ಬಿಟ್ಟು ಮುಂದೆ ಹೋದರು. ಪರದೆಯ ಹಿಂದೆ ನಾನು ತುಟಿ ಕಚ್ಚಿಕೊಂಡೆ.

ನಾಟಕ ಮುಗಿದ ಮೇಲೆ ಮೇಷ್ಟ್ರು ಬಂದು ನನ್ನ ಕೈಗೆ ಒಂದು ಹಿತ್ತಾಳೆ ಲೋಟ ಕೊಟ್ಟರು. ಅದರಲ್ಲಿ ಬೆಲ್ಲದ ಪಾನಕ ಇತ್ತು. "ಹೊಸಗನ್ನಡ. ಈಗ ತಾನೇ ಇಳ್ಸಿದ್ದು" ಎಂದರು. ಕಣ್ಣು ಒದ್ದೆಯಾಗಿತ್ತು. ಕುಡಿದೆ.

ಸಂಜೆಯ ಬಸ್ಸಿನಲ್ಲಿ ಕಡೂರಿಗೆ ಹೊರಟೆ. ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಪಕ್ಕದಲ್ಲಿ ಅವರ ಮಗಳು. ಅವರೂ ನಾಟಕ ನೋಡಿ ಬರುತ್ತಿದ್ದರು.

"ಅವ್ವಾ, ಎಲ್ಲಾ ಗೊತ್ತಾಯ್ತು. ಆ ಲೋಪಸಂಧಿ ಅಂದ್ನಲ್ಲ, ಅದೇನು?" ಎಂದಳು ಮಗಳು.

"ಅಷ್ಟೂ ಗೊತ್ತಾಗ್ಲಿಲ್ವೇನೇ?" ಅಜ್ಜಿ ತಮ್ಮ ಮಂಡಿಯನ್ನು ತಟ್ಟಿದರು. "ಸಂಧಿ ಅಂದ್ರೆ ಇದು ಕಣೇ, ಕೀಲು. ಡಾಕ್ಟ್ರು ಸಂಧಿವಾತ ಅನ್ನಲ್ವಾ? ಒಳಗೆ ಬರೋವಾಗ ಕೀಲು ಗಟ್ಟಿ ಇರ್ತವೆ, ಅದು ಆಗಮ. ಎರ್ಡು ಲೋಟ ಹೋದ್ಮೇಲೆ ಕಾಲೇ ಯಜಮಾನಂಗೆ ಆದೇಶ ಕೊಡ್ತದೆ, ಹಿಂಗ್ ಹೋಗು, ಹಂಗ್ ಹೋಗು ಅಂತ. ಆಮೇಲೆ ಮಂಡೀನೇ ಇಲ್ಲ. ಲೋಪ!"

ಮಗಳು ಸೀಟಿನ ಸರಳಿಗೆ ಹಣೆ ಹಚ್ಚಿ ನಕ್ಕಳು. ನಾನೂ ತಡೆಯಲಾಗದೆ ಜೋರಾಗಿ ನಕ್ಕುಬಿಟ್ಟೆ. ನಾನು ಬರೆದ ಸಾಲಿನಲ್ಲಿ ಅಂಥದ್ದೊಂದು ಅರ್ಥವಿದೆ ಎಂದು ನನಗೇ ತಿಳಿದಿರಲಿಲ್ಲ. ನಾನು ಬರೆದದ್ದಕ್ಕಿಂತ ಅದೇ ಚೆನ್ನಾಗಿತ್ತು.

ಅಜ್ಜಿ ಹಿಂದೆ ತಿರುಗಿದರು. "ನೀನೂ ನಾಟ್ಕಕ್ಕೆ ಬಂದಿದ್ದೇನಮ್ಮಾ? ಚೆನ್ನಾಗಿತ್ತಾ?"

"ಚೆನ್ನಾಗಿತ್ತು ಅಜ್ಜಿ" ಎಂದೆ. "ಈಗ ಇನ್ನೂ ಚೆನ್ನಾಗಾಯ್ತು."